“ಅಂಗಡಿ ಹುಡುಗರ ಕೈಗೆ ಬಿಟ್ಟಿದ್ದೀರಂತೆ?”

ಹುಬ್ಬಳ್ಳಿಯಲ್ಲಿ ಕೃಷಿ ಯಂತ್ರಗಳ ಬಿಡಿಭಾಗ ಮಾರುವ, ಗದಗ ಮತ್ತು ಹಾವೇರಿಯಲ್ಲಿ ಶಾಖೆಗಳನ್ನು ಇಟ್ಟುಕೊಂಡಿರುವ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ: “ಎಲ್ಲಾ ಹುಡುಗರ ಕೈಯಾಗ ಕೊಟ್ಟು ನೀವು ಆರಾಮ ಕುಂತೀರಂತಲ್ರಿ, ಮೋಸ ಆಗೂದಿಲ್ಲೇನು?” ಬಾಯಿಂದ ಉತ್ತರಿಸಿ ಸಾಕಾಗಿದೆ. ಅವರು ಹುಡುಗರಲ್ಲ, ಗದಗ ಶಾಖೆಯ ವ್ಯವಸ್ಥಾಪಕರಿಗೆ ಮೊಮ್ಮಕ್ಕಳಿದ್ದಾರೆ. ನಾನು ಆರಾಮಾಗಿಯೂ ಇಲ್ಲ.

ಧಾರವಾಡದ ಮದುವೆಯೊಂದರಲ್ಲಿ ಇದನ್ನೇ ಕೇಳಿದ ಹಿರಿಯ ವ್ಯಾಪಾರಿಯೊಬ್ಬರು ಎಲೆಯ ಮೇಲಿನ ಗೋಧಿ ಹುಗ್ಗಿ ಆರುವವರೆಗೂ ಫೋನಿನಲ್ಲಿದ್ದರು. ಗಿರಾಕಿ ಐವತ್ತು ರೂಪಾಯಿ ಕಡಿಮೆ ಕೇಳುತ್ತಿದ್ದಾನೆ, ಬಿಡಲೇ ಎಂದು ಅವರ ಗುಮಾಸ್ತ ಅಪ್ಪಣೆ ಬೇಡುತ್ತಿದ್ದ. ಗಿರಾಕಿಯ ಮುಖ ಕಾಣುತ್ತಿದ್ದದ್ದು ಗುಮಾಸ್ತನಿಗೆ, ನಿರ್ಧಾರ ಮಾತ್ರ ಪಂಕ್ತಿಯಲ್ಲಿ ಕುಳಿತವರದು. ಫೋನ್ ಇಟ್ಟ ಮೇಲೆ ಅವರು ನನಗೆ ಬುದ್ಧಿ ಹೇಳಿದರು. ನಾನು ಹಪ್ಪಳ ಮುರಿಯುತ್ತ ಕೇಳಿದೆ.

ಎರೆ ಭೂಮಿಯಲ್ಲಿ ಮಳೆ ಬಿದ್ದೊಡನೆ ಕೂರಿಗೆ ಹೂಡಲಾಗುವುದಿಲ್ಲ, ಬಹಳ ದಿನ ಬಿಟ್ಟರೆ ತೇವ ಉಳಿಯುವುದಿಲ್ಲ. ನಡುವಿನ ಹದದಲ್ಲಿಯೇ ಬಿತ್ತಬೇಕು. ಆ ಹದದ ದಿನ ಕೂರಿಗೆಯ ಬೇರಿಂಗ್ ಒಡೆದು ಗದಗಿನ ಅಂಗಡಿಗೆ ಓಡಿಬಂದ ರೈತನಿಗೆ ಬೇರೆ ಕಂಪನಿಯ ಮಾಲು ಹೊಂದೀತೇ, ಎಷ್ಟು ಬಿಟ್ಟುಕೊಡಬೇಕು, ಹಾವೇರಿಯಿಂದ ತರಿಸಬೇಕೇ ಎಂಬುದು ಎದುರಿಗೆ ನಿಂತವರಿಗೆ ತಿಳಿಯುವಷ್ಟು ಹುಬ್ಬಳ್ಳಿಯಲ್ಲಿರುವ ನನಗೆ ತಿಳಿಯುವುದಿಲ್ಲ. ಆದ್ದರಿಂದ ಶೇಕಡಾ 8ರವರೆಗಿನ ರಿಯಾಯಿತಿ, ಹಂಗಾಮಿನ ದಾಸ್ತಾನು, ಕೆಟ್ಟ ಮಾಲಿನ ಬದಲಾವಣೆ, ಇವೆಲ್ಲ ಶಾಖೆಯ ನಿರ್ಧಾರಗಳು. ಇನ್ನು ಮೋಸದ ಮಾತು: ಮೋಸ ಮಾಡುವವನಿಗೆ ನನ್ನ ಅಪ್ಪಣೆ ಅಡ್ಡಿಯೇ ಅಲ್ಲ, ಏಕೆಂದರೆ ನಾನು ಅಪ್ಪಣೆ ಕೊಡುವುದು ಅವನು ಹೇಳಿದ್ದನ್ನು ನಂಬಿಯೇ. ಅವನನ್ನು ಹಿಡಿಯುವುದು ತಿಂಗಳ ಕೊನೆಯ ದಾಸ್ತಾನಿನ ಎಣಿಕೆ.

ಯಾವುದನ್ನು ಶಾಖೆಗೆ ಕೊಟ್ಟಿಲ್ಲ ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ: ದೊಡ್ಡ ಉದ್ರಿಯನ್ನು. ಕೊಯ್ಲು ಯಂತ್ರಗಳನ್ನು ಬಾಡಿಗೆಗೆ ಓಡಿಸುವವನೊಬ್ಬ ಮೂರೂ ಊರುಗಳಲ್ಲಿ ಬಾಕಿ ಉಳಿಸಿಕೊಂಡರೆ, ಆಯಾ ಶಾಖೆಯ ಪುಸ್ತಕದಲ್ಲಿ ಅದು ಸಣ್ಣ ಮೊತ್ತವಾಗಿಯೇ ಕಾಣುತ್ತದೆ. ಒಟ್ಟು ಬಾಕಿ ಕಾಣುವುದು ಹುಬ್ಬಳ್ಳಿಯ ಖಾತೆಯಲ್ಲಿ ಮಾತ್ರ. ದೊಡ್ಡವರ ಕಥೆಯೂ ಇದೇ. 1920ರ ಆರ್ಥಿಕ ಕುಸಿತದ ಹೊತ್ತಿಗೆ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ವಿಭಾಗಗಳು ತಮ್ಮ ತಮ್ಮ ಅಂದಾಜಿನಂತೆ ಮಾಲು ತುಂಬಿಕೊಂಡು, ಇಡೀ ಕಂಪನಿಯ ಹಣ ಗೋದಾಮಿನಲ್ಲಿ ಸಿಕ್ಕಿಬಿದ್ದಿತ್ತು. 1923ರಲ್ಲಿ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್ ಅವರು ಕಾರು ತಯಾರಿಸಿ ಮಾರುವ ಕೆಲಸವನ್ನು ವಿಭಾಗಗಳಿಗೇ ಬಿಟ್ಟು, ಹಣಕಾಸಿನ ಹತೋಟಿಯನ್ನು ಕೇಂದ್ರದಲ್ಲಿ ಉಳಿಸಿಕೊಂಡರು. ವಿಕೇಂದ್ರೀಕರಣವೆಂದರೆ ಎಲ್ಲವನ್ನೂ ಹಂಚಿಬಿಡುವುದು ಎಂದುಕೊಂಡವರು ಈ ಎರಡನೆಯ ಅರ್ಧವನ್ನು ಓದುವುದೇ ಇಲ್ಲ.

ಶಾಖೆಗಳಿಗೂ ಸಣ್ಣದೊಂದು ಉದ್ರಿ ಮಿತಿಯಿದೆ, ಅದನ್ನು ವಸೂಲಿ ನೋಡಿ ಪ್ರತಿ ಹಂಗಾಮಿಗೆ ಬದಲಿಸುತ್ತೇವೆ. ಈ ಮುಂಗಾರಿಗೆ ಗದಗಿನದು ಏರಿದೆ, ಹಾವೇರಿಯದು ಏರಿಲ್ಲ. ಮೆಣಸಿನಕಾಯಿ ಮಾರಾಟವಾದ ಮೇಲೆಯೇ ಅಲ್ಲಿನ ರೈತರ ಕೈಗೆ ಹಣ ಬರುವುದರಿಂದ ವಸೂಲಿಯ ಅವಧಿಯನ್ನೇ ಬೇರೆ ಇಡಬೇಕೆಂಬುದು ಹಾವೇರಿಯವರ ವಾದ. ವಾದದಲ್ಲಿ ತಿರುಳಿದೆ, ಲೆಕ್ಕ ಕಳಿಸಲು ಹೇಳಿದ್ದೇನೆ.