ಮಾವನ ಕೊನೆಯ ವೇಷ

ಬದಿಯಡ್ಕದ ಹತ್ತಿರ ಗದ್ದೆಯಲ್ಲಿ ಬಯಲಾಟ. ಸೋದರಮಾವನ ಕೊನೆಯ ವೇಷ ಅದು. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಶಟರ್ 1/8 ಸೆಕೆಂಡು ತೆರೆದಿತ್ತು, ಕೈ ಅಲುಗಿತ್ತು. ಪೂರ್ತಿ ಮಸುಕು.

ಮೊನ್ನೆ ರಾತ್ರಿ ಮಸುಕು ತೆಗೆಯುವ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದೆ. ರಂಗಸ್ಥಳದ ಹಿಂದಿನ ಬಲ್ಬು ಒಂದು ಚುಕ್ಕಿಯಾಗಿ ಬೀಳಬೇಕಿತ್ತು, ಕೊಕ್ಕೆಯ ಹಾಗೆ ಗೀಚಿಕೊಂಡಿತ್ತು. ನನ್ನ ಕೈ ಅಲುಗಿದ ದಾರಿಯೇ ಅದು! ಚಿತ್ರದ ಉಳಿದ ಚುಕ್ಕಿಗಳೂ ಹೆಚ್ಚುಕಡಿಮೆ ಅದೇ ಕೊಕ್ಕೆ ಎಳೆದಿರುತ್ತವೆ, ಅಲ್ವಾ? ಆ ಆಕಾರ ಸಿಕ್ಕಿದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಬಹುದು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಬೇರೆಬೇರೆಯಾಗಿ ಕೊಟ್ಟ ವಿಧಾನ ಇದಕ್ಕೆ ಈಗಲೂ ಬಳಕೆಯಲ್ಲಿದೆ. ಹಬಲ್ ದೂರದರ್ಶಕದ ಕನ್ನಡಿಯ ದೋಷ 1993ರಲ್ಲಿ ಸರಿಯಾಗುವ ಮೊದಲು, ಅದರ ಮಸುಕು ಚಿತ್ರಗಳಿಗೂ ಇದನ್ನೇ ಬಳಸಿದ್ದರು.

ಈ ವಿಧಾನದಲ್ಲಿ ಅದೇ ಲೆಕ್ಕವನ್ನು ಸುತ್ತು ಸುತ್ತಾಗಿ ಮತ್ತೆ ಮತ್ತೆ ಓಡಿಸಬೇಕು. ಹತ್ತನೇ ಸುತ್ತಿಗೆ ಭುಜಕೀರ್ತಿಯ ಅಂಚು ಕಂಡಿತು. ಇಪ್ಪತ್ತಕ್ಕೆ ಕಣ್ಣು. ಇನ್ನೂ ಜಾಸ್ತಿ ಮಾಡಿದರೆ ಮುಖದ ತುಂಬ ಮರಳಿನಂಥ ಕಾಳು, ಬಲ್ಬಿನ ಸುತ್ತ ಅಲೆ. ಇಪ್ಪತ್ತಕ್ಕೇ ನಿಲ್ಲಿಸಿದೆ.

ಬಲಗೈ ಮಾತ್ರ ಹಾಗೇ ಉಳಿಯಿತು. ಅದು ನನ್ನ ಕೈಯ ಅಲುಗಾಟ ಅಲ್ಲ, ಮಾವ ಕುಣಿಯುತ್ತಿದ್ದದ್ದು. ಅದಕ್ಕೆ ದಾರಿಯೇ ಬೇರೆ.

ಅತ್ತೆಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ಕೈ ಹಾಗೇ ಇರಲಿ ಮಗಾ" ಎಂದರು.