ದೇವರ ಚಿತ್ತ ತಿಳಿಯುವುದಕ್ಕೂ ಸ್ತೋತ್ರಕ್ಕೂ ಏನು ಸಂಬಂಧ?

"ಇದು ದೇವರ ಚಿತ್ತವಾ, ಇಲ್ಲ ನನ್ನ ಆಸೆಯಾ?" ಪ್ರಾರ್ಥನೆ ಮಾಡುವ ಯಾರಿಗಾದರೂ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಬದಲಿಸಬೇಕಾ, ಈ ಸಂಬಂಧಕ್ಕೆ ಒಪ್ಪಬೇಕಾ, ಆ ಮಾತನ್ನು ಈಗಲೇ ಹೇಳಬೇಕಾ ಅಥವಾ ಸುಮ್ಮನಿರಬೇಕಾ. ಉಪವಾಸ ಮಾಡುತ್ತೇವೆ, ವಾಕ್ಯ ಓದುತ್ತೇವೆ, ಹಿರಿಯರನ್ನು ಕೇಳುತ್ತೇವೆ. ಎಲ್ಲಾ ಸರಿಯೇ. ಆದರೆ ಸ್ತೋತ್ರವನ್ನು, ಅಂದರೆ ದೇವರಿಗೆ ಹೇಳುವ ಕೃತಜ್ಞತೆಯನ್ನು, ಮಾತ್ರ ಉತ್ತರ ಸಿಕ್ಕ ಮೇಲೆ ಹೇಳೋಣ ಅಂತ ಎತ್ತಿಟ್ಟಿರುತ್ತೇವೆ. ಕೆಲಸ ಸಿಕ್ಕಿತು, ಸ್ತೋತ್ರ. ಕಾಯಿಲೆ ವಾಸಿಯಾಯಿತು, ಸ್ತೋತ್ರ. ನನಗೆ ಅನಿಸುವುದು, ಅದು ಮೊದಲೇ ಬರಬೇಕು. ಕೃತಜ್ಞತೆ ಇಲ್ಲದ ಮನಸ್ಸಿಗೆ ಯಾವುದೂ ಸರಿಯಾಗಿ ಕಾಣುವುದಿಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯ, 21ನೇ ವಚನ ಒಮ್ಮೆ ತೆರೆದು ನೋಡಿ. ಮನುಷ್ಯರು ಹೇಗೆ ದಾರಿ ತಪ್ಪಿದರು ಅಂತ ಪೌಲ ಅಲ್ಲಿ ಹೇಳುತ್ತಾನೆ. ಆ ಅಧ್ಯಾಯದ ಕೊನೆಗೆ ಹೊಟ್ಟೆಕಿಚ್ಚು, ಕೊಲೆ, ಜಗಳ, ಮೋಸ ಅಂತ ಪಾಪಗಳ ಉದ್ದ ಪಟ್ಟಿಯೇ ಇದೆ. ಆದರೆ ಶುರುವಾಗುವುದು ಎಲ್ಲಿಂದ ಗೊತ್ತಾ? ದೇವರ ಬಗ್ಗೆ ತಿಳಿದಿದ್ದರೂ ಅವರು ಆತನನ್ನು ಘನಪಡಿಸಲಿಲ್ಲ, ಆತನಿಗೆ ಸ್ತೋತ್ರ ಸಲ್ಲಿಸಲಿಲ್ಲ. ಅವರ ವಿಚಾರಗಳು ಹುರುಳಿಲ್ಲದೆ ಹೋದವು, ಹೃದಯಕ್ಕೆ ಕತ್ತಲು ಕವಿಯಿತು. ಈ ಕ್ರಮ ನನ್ನನ್ನು ಹಿಡಿದು ನಿಲ್ಲಿಸಿತು. ಬುದ್ಧಿ ಕೆಟ್ಟಿದ್ದಕ್ಕೆ ಸ್ತೋತ್ರ ನಿಂತಿತು ಅಂತ ಪೌಲ ಹೇಳುತ್ತಿಲ್ಲ. ಸ್ತೋತ್ರ ನಿಂತಿತು, ಹಾಗಾಗಿ ಬುದ್ಧಿ ಮಂಕಾಯಿತು ಅನ್ನುತ್ತಿದ್ದಾನೆ.

ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲೂ ಸ್ತೋತ್ರ, ವಿವೇಚನೆ ಇವೆರಡು ಜೊತೆಗೇ ಇವೆ. 18ನೇ ವಚನದಲ್ಲಿ ಎಲ್ಲಾ ಸ್ಥಿತಿಯಲ್ಲೂ ಕೃತಜ್ಞತಾಸ್ತುತಿ ಮಾಡಿ ಅಂತ ಇದೆ. 21ರಲ್ಲಿ ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಬಿಡದೆ ಹಿಡಿದುಕೊಳ್ಳಿ ಅಂತ. ನಾವು ಮಾತ್ರ ಒಂದನ್ನು ಆರಾಧನೆಯ ಹಾಡಿಗೂ ಇನ್ನೊಂದನ್ನು ವಾಕ್ಯದ ಅಧ್ಯಯನಕ್ಕೂ ಹಂಚಿಬಿಟ್ಟಿದ್ದೇವೆ.

ಸ್ತೋತ್ರ ನಿಂತರೆ ಬುದ್ಧಿ ಯಾಕೆ ಮಂಕಾಗುತ್ತದೆ? ಏದೆನ್ ತೋಟವನ್ನೇ ನೋಡಿ. ಎಲ್ಲಾ ಮರಗಳ ಹಣ್ಣನ್ನೂ ತಿನ್ನಬಹುದು ಅಂತ ದೇವರು ಕೊಟ್ಟಿದ್ದಾನೆ, ಒಂದನ್ನು ಬಿಟ್ಟು. ಸರ್ಪ ಬಂದು ಕೊಟ್ಟಿದ್ದರ ಬಗ್ಗೆ ಮಾತೇ ಆಡುವುದಿಲ್ಲ, ಕೊಡದೆ ಇರುವುದರ ಬಗ್ಗೆ ಮಾತ್ರ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ತೋಟ ಮರೆತೇ ಹೋಗಿ ಆ ಒಂದು ಮರ ಕಣ್ಣಿಗೆ ತುಂಬಿಕೊಳ್ಳುತ್ತದೆ. ಅರಣ್ಯಕಾಂಡದ 11ನೇ ಅಧ್ಯಾಯದ ಇಸ್ರಾಯೇಲ್ಯರ ಕಥೆ ಇನ್ನೂ ವಿಚಿತ್ರ. ದೇವರು ಕೊಡುವ ಮನ್ನ ಎಂಬ ಆಹಾರ ದಿನಾ ಸಿಗುತ್ತಿದೆ, ಆದರೂ ಕಣ್ಣೀರು ಹಾಕಿಕೊಂಡು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಮೀನು ಪುಕ್ಕಟೆ ಸಿಗುತ್ತಿತ್ತು, ಸೌತೆಕಾಯಿ ಇತ್ತು, ಈರುಳ್ಳಿ ಬೆಳ್ಳುಳ್ಳಿ ಇತ್ತು ಅಂತ ಗೊಣಗುತ್ತಾರೆ. ಪುಕ್ಕಟೆಯಂತೆ! ಗುಲಾಮರಾಗಿ ಚಾಟಿ ಏಟು ತಿಂದ ಜಾಗ ಅದು. ಗೊಣಗಾಟ ಬೇರೂರಿದರೆ ಸೆರೆಯೂ ಸುಖದ ಮನೆಯ ಹಾಗೆ ಕಾಣುತ್ತದೆ, ಅಂಥ ಮನಸ್ಸು ಇಟ್ಟುಕೊಂಡು "ದೇವರೇ, ಯಾವ ಕಡೆ ಹೋಗಲಿ?" ಅಂತ ಕೇಳಿದರೆ ನಮಗೆ ಕೇಳಿಸುವ ಉತ್ತರ ಐಗುಪ್ತದ ಕಡೆಯದ್ದೇ ಆಗಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ. ಪೌಲ ಮತ್ತು ಜೊತೆಗಾರರು ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕು ಅಂದುಕೊಂಡರೆ ಪವಿತ್ರಾತ್ಮ ತಡೆಯುತ್ತಾನೆ. ಬಿಥೂನ್ಯಕ್ಕೆ ಹೋಗಲು ನೋಡಿದರೆ ಅದೂ ಆಗುವುದಿಲ್ಲ. ಎರಡೂ ಒಳ್ಳೆಯ ಕೆಲಸಗಳೇ ಅಲ್ವಾ? ಆಮೇಲೆ ಒಂದು ರಾತ್ರಿ ದರ್ಶನದಲ್ಲಿ ಮಕೆದೋನ್ಯದವನೊಬ್ಬ ಕರೆಯುತ್ತಾನೆ, ಎಲ್ಲರೂ ಸೇರಿ ಇದು ದೇವರ ಕರೆ ಅಂತ ನಿಶ್ಚಯಿಸಿ ಹೊರಡುತ್ತಾರೆ. ಫಿಲಿಪ್ಪಿಯಲ್ಲಿ ಕಣಿ ಹೇಳುವ ದಾಸಿಯೊಬ್ಬಳು ಅವರ ಹಿಂದೆ ಬಂದು, ಇವರು ಪರಾತ್ಪರನಾದ ದೇವರ ದಾಸರು, ರಕ್ಷಣೆಯ ಮಾರ್ಗ ಸಾರುತ್ತಾರೆ ಅಂತ ಕೂಗುತ್ತಾಳೆ. ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಪೌಲ ಅದನ್ನು ಒಪ್ಪುವುದಿಲ್ಲ. ಹೇಳಿದ ಮಾತು ನಿಜವಾಗಿದ್ದರೆ ಸಾಕು, ಅದು ದೇವರಿಂದಲೇ ಬಂದದ್ದು ಅಂದುಕೊಳ್ಳುವವರು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಯಾರೋ ಕಳಿಸಿದ ಪ್ರವಾದನೆಯ ಮೆಸೇಜು, ಇವತ್ತೇ ಹತ್ತು ಜನಕ್ಕೆ ಕಳಿಸಿ ಅನ್ನುವ ವಾಗ್ದಾನ, ಇವುಗಳಲ್ಲೂ ವಚನ ಸರಿಯಾಗಿಯೇ ಇರುತ್ತದೆ.

ಅವಳಿಂದ ಕಣಿ ಹೇಳಿಸುತ್ತಿದ್ದ ಆತ್ಮವನ್ನು ಪೌಲ ಹೊರಡಿಸಿದ. ಅವಳು ಬಿಡುಗಡೆಯಾದಳು, ಅವಳ ಯಜಮಾನರ ಆದಾಯ ನಿಂತಿತು, ಪೌಲನಿಗೂ ಜೊತೆಗಾರ ಸೀಲನಿಗೂ ಏಟು ಬಿತ್ತು, ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿತ್ತು. ಮಧ್ಯರಾತ್ರಿ ಇಬ್ಬರೂ ಪ್ರಾರ್ಥಿಸುತ್ತಾ ದೇವರನ್ನು ಸ್ತುತಿಸಿ ಹಾಡುತ್ತಾರೆ. ಭೂಕಂಪವಾಗುತ್ತದೆ, ಬಾಗಿಲುಗಳೆಲ್ಲಾ ತೆರೆಯುತ್ತವೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ನಾವೆಲ್ಲಾ ಏನು ಹೇಳುತ್ತೇವೆ? "ದೇವರು ಬಾಗಿಲು ತೆರೆದಿದ್ದಾರೆ." ಎದ್ದು ಹೊರಟೇ ಬಿಡುತ್ತಿದ್ದೆವು. ಪೌಲ ಹೋಗಲಿಲ್ಲ. ಕೈದಿಗಳು ಓಡಿಹೋದರು ಅಂದುಕೊಂಡು ಸೆರೆಮನೆಯ ಯಜಮಾನ ಕತ್ತಿ ಹಿರಿದು ಪ್ರಾಣ ಕಳೆದುಕೊಳ್ಳಲು ಹೊರಟಾಗ, ನಾವೆಲ್ಲಾ ಇಲ್ಲೇ ಇದ್ದೇವೆ ಅಂತ ಕೂಗಿ ತಡೆದ. ಆ ರಾತ್ರಿಯೇ ಆ ಮನೆಯವರೆಲ್ಲಾ ದೀಕ್ಷಾಸ್ನಾನ ಪಡೆದರು. ತೆರೆದ ಬಾಗಿಲಿನ ಎದುರು ಕೂತು ಇನ್ನೊಬ್ಬನ ಪ್ರಾಣ ಉಳಿಸಬೇಕು ಅಂತ ಹೊಳೆಯಬೇಕಾದರೆ, ಬಾಗಿಲು ಮುಚ್ಚಿದ್ದಾಗಲೇ ಮನಸ್ಸು ನೆಮ್ಮದಿಯಾಗಿ ಇದ್ದಿರಬೇಕು. ಹೇಗಾದರೂ ತಪ್ಪಿಸಿಕೊಂಡರೆ ಸಾಕು ಅಂತ ಒದ್ದಾಡುತ್ತಿದ್ದವನಿಗೆ ಅದು ಹೊಳೆಯುವುದಿಲ್ಲ. ಹಾಡಿದ್ದಕ್ಕೆ ಬಾಗಿಲು ತೆರೆಯಿತು ಅಂತ ಈ ಕಥೆಯನ್ನು ಜಾಸ್ತಿ ಹೇಳುತ್ತಾರೆ. ಹಾಡಿದ್ದಕ್ಕೆ ಅವನು ಒಳಗೇ ಉಳಿಯಲು ಆಯಿತು ಅನ್ನುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದು ಮಾತು ಇಲ್ಲಿ ಖಂಡಿತ ಹೇಳಬೇಕು. ನೋವಿನಲ್ಲಿರುವವರ ಬಾಯಿ ಮುಚ್ಚಿಸಲು "ಸ್ತೋತ್ರ ಹೇಳಿ" ಅನ್ನುವುದು ತಪ್ಪು. ಹೊಡೆಸಿಕೊಂಡವರಿಗೆ, ಮಗು ಕಳೆದುಕೊಂಡವರಿಗೆ, ಮೋಸ ಹೋದವರಿಗೆ ಹೀಗೆ ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯೋಹಾನನ ಸುವಾರ್ತೆ 11ರಲ್ಲಿ ಲಾಜರನ ಸಮಾಧಿಗೆ ಹೋಗುವಾಗ ಯೇಸು ಸ್ವಾಮಿ ಅತ್ತರು. ಅದೇ ಸಮಾಧಿಯ ಮುಂದೆ ಕಣ್ಣೆತ್ತಿ ತಂದೆಗೆ ಸ್ತೋತ್ರವನ್ನೂ ಹೇಳಿದರು. ಅಳು ಮೊದಲು ಬಂತು. ಕೆಟ್ಟದ್ದನ್ನು ಒಳ್ಳೆಯದು ಅಂತ ಕರೆಯುವುದು ಕೃತಜ್ಞತೆಯಲ್ಲ, ಅದು ಸುಳ್ಳು.

ಅಂದರೆ ಸ್ತೋತ್ರವನ್ನೂ ಪರೀಕ್ಷಿಸಬೇಕು. ಲೂಕ 17ರಲ್ಲಿ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ, ಅದೂ ಯೆಹೂದ್ಯರು ದೂರ ಇಡುತ್ತಿದ್ದ ಸಮಾರ್ಯದವನು, ತಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದ. ಮುಂದಿನ ಅಧ್ಯಾಯದಲ್ಲೇ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನೂ ಸ್ತೋತ್ರ ಹೇಳುತ್ತಾನೆ, ನಾನು ಬೇರೆಯವರ ಹಾಗಿಲ್ಲವಲ್ಲ ಅಂತ. ನಮ್ಮ ಸಾಕ್ಷಿಗಳಲ್ಲೂ ಇದು ಮೆಲ್ಲಗೆ ಸೇರಿಕೊಳ್ಳುತ್ತದೆ. ಪಕ್ಕದವರಿಗೆ ಆದದ್ದು ನಮಗೆ ಆಗಲಿಲ್ಲ, ಸ್ತೋತ್ರ. ಪಕ್ಕದವರು ಇಲ್ಲದಿದ್ದರೂ ಆ ಸ್ತೋತ್ರ ಉಳಿಯುತ್ತದಾ? ಉಳಿಯದಿದ್ದರೆ ಅದು ಹೋಲಿಕೆ ಅಷ್ಟೇ.

ದಿನಾ ಇದನ್ನು ಹೇಗೆ ಕಲಿಯುವುದು? ನೀವು ಯಾವ ಸಭೆಯವರೇ ಆಗಿರಿ, ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಕಥೋಲಿಕ ಸಂತ ಇಗ್ನೇಷಿಯಸ್ ಲೊಯೋಲಾ ಅವರಿಂದ ಒಂದು ವಿಷಯ ಕಲಿಯಬಹುದು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಅವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗ ಒಂದನ್ನು ಗಮನಿಸಿದರು. ವೀರನಾಗಿ ಮೆರೆಯುವ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಮುಗಿದ ಮೇಲೆ ಮನಸ್ಸು ಬರಿದಾಗುತ್ತಿತ್ತು. ಕ್ರಿಸ್ತನಿಗಾಗಿ ಸಂತರ ಹಾಗೆ ಬಾಳುವುದನ್ನು ನೆನೆದರೆ, ಆ ಯೋಚನೆ ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಮುಂದೆ ಅವರು ಬರೆದ ಧ್ಯಾನದ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೇ ಪೌಲ್ ಒಪ್ಪಿಗೆ ಕೊಟ್ಟರು. ಅದರಲ್ಲಿ ಮನಸ್ಸಾಕ್ಷಿಯನ್ನು ಪರೀಕ್ಷಿಸಿಕೊಳ್ಳುವ ಪ್ರಾರ್ಥನೆಗೆ ಐದು ಹೆಜ್ಜೆ ಇವೆ. ಪಾಪ ನೋಡಿಕೊಳ್ಳುವುದು ಆಮೇಲೆ. ಮೊದಲ ಹೆಜ್ಜೆ, ಪಡೆದ ಉಪಕಾರಗಳಿಗಾಗಿ ದೇವರಿಗೆ ಸ್ತೋತ್ರ.

ನಾನು ರಾತ್ರಿ ಮಲಗುವ ಮುಂಚೆ ಇದನ್ನು ಸರಳವಾಗಿ ಮಾಡುತ್ತೇನೆ. ದಿನವನ್ನು ಬೆಳಿಗ್ಗೆಯಿಂದ ನೆನೆಯುತ್ತಾ ಹೋಗುವುದು, ಸಿಕ್ಕಿದ್ದನ್ನು ಹೆಸರು ಹಿಡಿದು ಹೇಳುವುದು. "ಎಲ್ಲಾ ಆಶೀರ್ವಾದಗಳಿಗೂ ಸ್ತೋತ್ರ" ಅಂತ ಒಟ್ಟಿಗೆ ಹೇಳಿ ಮುಗಿಸುವುದಿಲ್ಲ. ಯಾರ ಫೋನು, ಯಾವ ಮಾತು, ಯಾವ ಊಟ. ಹೀಗೆ ಹೇಳುತ್ತಿರುವಾಗಲೇ ಒಂದೆರಡು ಕಡೆ ನಾಲಿಗೆ ತಡೆಯುತ್ತದೆ: ಈ ಲಾಭಕ್ಕೆ ದೇವರಿಗೆ ಸ್ತೋತ್ರ ಹೇಳಲು ಆಗುತ್ತಿಲ್ಲ, ಯಾಕೆ? ಈ ಹೊಗಳಿಕೆ ನೆನೆದರೆ ಕಸಿವಿಸಿ, ಯಾಕೆ? ವಿವೇಚನೆಯ ನಿಜವಾದ ಕೆಲಸ ಅಲ್ಲೇ ಶುರುವಾಗುತ್ತದೆ, ದೊಡ್ಡ ನಿರ್ಧಾರ ಎದುರಿಗಿಲ್ಲದ ಸಾಧಾರಣ ದಿನಗಳಲ್ಲಿ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯ ಒಳ್ಳೆಯದು ಕೆಟ್ಟದ್ದರ ಭೇದ ತಿಳಿಯುವುದು ಅಭ್ಯಾಸದಿಂದ ಬರುತ್ತದೆ ಅನ್ನುವುದು ಇದನ್ನೇ.

ಇಗ್ನೇಷಿಯಸ್ ಅವರದ್ದೇ ಇನ್ನೊಂದು ನಿಯಮ: ಮನಸ್ಸು ಕುಗ್ಗಿ, ದೇವರು ದೂರ ಅನಿಸುವಾಗ, ಮೊದಲು ಶಾಂತವಾಗಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಸಿಟ್ಟಿನಲ್ಲಿ ರಾಜೀನಾಮೆ ಬರೆದವರಿಗೆ ಇದರ ಬೆಲೆ ಗೊತ್ತು. ಪತ್ರ ಬರೆದಿಡಿ, ಕಳಿಸಬೇಡಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರಿಗೆ ತೋರಿಸಿ, ಅವರಲ್ಲಿ ಒಬ್ಬರಾದರೂ ನಿಮಗೆ ಬೇಡ ಅಂತ ಹೇಳುವ ಧೈರ್ಯ ಇರುವವರಾಗಿರಲಿ. ಮಕೆದೋನ್ಯಕ್ಕೆ ಹೊರಡುವಾಗಲೂ ದರ್ಶನ ಕಂಡದ್ದು ಪೌಲ ಒಬ್ಬನೇ, ನಿಶ್ಚಯಿಸಿದ್ದು ಎಲ್ಲರೂ ಸೇರಿ.