ಮರುಭೂಮಿಯ ಪ್ರವಾಹ ಮತ್ತು ಹೂಳಿನ ಲೆಕ್ಕ

ದಕ್ಷಿಣ ಕ್ಯಾಲಿಫೋರ್ನಿಯಾದ ಕೊಚೆಲಾ ಕಣಿವೆಯಲ್ಲಿ ರಸ್ತೆಗಳ ಮೋರಿ, ಕಾಲುವೆಗಳನ್ನು ವಿನ್ಯಾಸಗೊಳಿಸುವ ಎಂಜಿನಿಯರ್ ಆದ ನನಗೆ 2023ರ ಹಿಲರಿ ಚಂಡಮಾರುತ ಕಲಿಸಿದ್ದು ನೀರಿಗಿಂತ ಹೆಚ್ಚಾಗಿ ಹೂಳಿನ ಪಾಠ.

ಪೆಸಿಫಿಕ್‌ನಲ್ಲಿ ಐದು ದರ್ಜೆಗಳ ಪೈಕಿ ನಾಲ್ಕನೇ ದರ್ಜೆಯವರೆಗೆ ಬಲಗೊಂಡಿದ್ದ ಹಿಲರಿ, ಮೆಕ್ಸಿಕೋದ ಪರ್ಯಾಯ ದ್ವೀಪ ಬಾಹಾ ಕ್ಯಾಲಿಫೋರ್ನಿಯಾದ ಪಕ್ಕದ ತಣ್ಣನೆಯ ಕಡಲನ್ನು ದಾಟುವಷ್ಟರಲ್ಲಿ ದುರ್ಬಲಗೊಂಡಿತ್ತು. ಆದರೆ ದರ್ಜೆ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಗಾಳಿ ಕುಗ್ಗಿದರೂ ಅದು ಹೊತ್ತು ತಂದ ತೇವಾಂಶ ಉಳಿದಿರುತ್ತದೆ. ಆ ತೇವಾಂಶವೇ ಆಗಸ್ಟ್ 20ರಂದು ಬೆಟ್ಟಸಾಲುಗಳಿಗೆ ತಾಗಿ ಮೇಲೇರಿ ಮಳೆಯಾಗಿ ಸುರಿಯಿತು. ಉತ್ತರದ ಡೆತ್ ವ್ಯಾಲಿ ಮರುಭೂಮಿಯಲ್ಲಿ ವರ್ಷವಿಡೀ ಬೀಳುವ ಸರಾಸರಿ ಮಳೆಯಷ್ಟು, ಅಂದರೆ ಸುಮಾರು 56 ಮಿಲಿಮೀಟರ್, ಒಂದೇ ದಿನದಲ್ಲಿ ಬಿತ್ತು. ಅಲ್ಲಿನ ರಾಷ್ಟ್ರೀಯ ಉದ್ಯಾನ ಅಕ್ಟೋಬರ್ ಮಧ್ಯದವರೆಗೆ ತೆರೆಯಲಿಲ್ಲ.

ಗಿಡಮರಗಳ ಬೇರಿನ ಹಿಡಿತವಿಲ್ಲದ ಕಡಿದಾದ ಇಳಿಜಾರಿನಲ್ಲಿ ರಭಸದ ನೀರು ಮರಳು, ಜಲ್ಲಿ, ಕೆಲವೊಮ್ಮೆ ಬಂಡೆಗಳನ್ನೂ ಎಳೆದು ತರುತ್ತದೆ. ಬೆಟ್ಟದ ಬುಡದಲ್ಲಿ ಕಣಿವೆ ಅಗಲವಾದೊಡನೆ ಹರಿವಿನ ವೇಗ ತಗ್ಗಿ, ಹೊತ್ತು ತಂದದ್ದೆಲ್ಲ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಸಪಾಟಾದ ಜಾಗವೆಂದು ನಾವು ಊರು ಕಟ್ಟಿರುವುದು ಹೆಚ್ಚಾಗಿ ಅಂಥ ನೆಲದ ಮೇಲೆಯೇ. ನಮ್ಮ ಕಣಿವೆಯ ಕೆಥೆಡ್ರಲ್ ಸಿಟಿ ಎಂಬ ಊರಿನಲ್ಲಿ ಕೆಸರು ಸುತ್ತುವರಿದ ಆರೈಕೆ ಮನೆಯೊಂದರಿಂದ 14 ಮಂದಿಯನ್ನು ಅಗ್ನಿಶಾಮಕ ಸಿಬ್ಬಂದಿ ಬುಲ್ಡೋಜರ್‌ನಲ್ಲಿ ಕೂರಿಸಿ ಹೊರತಂದರು. ವೃದ್ಧರು ಮಣ್ಣೆತ್ತುವ ಯಂತ್ರವೇರಿ ಮನೆ ಬಿಡಬೇಕಾದ ಸ್ಥಿತಿಗೆ ನಮ್ಮ ವೃತ್ತಿಯವರೆಲ್ಲ ಉತ್ತರ ಹುಡುಕಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗಾಗಿ ಬೆಟ್ಟದ ಬುಡದ ಯಾವುದೇ ಕೆಲಸದಲ್ಲಿ ಬರಿಯ ನೀರಿನ ಹರಿವನ್ನು ಲೆಕ್ಕಹಾಕಿ ಮೋರಿಯ ಅಳತೆ ನಿರ್ಧರಿಸುವುದು ಸಾಲದು; ಮಣ್ಣು ಬೆರೆತಾಗ ಹರಿವಿನ ಗಾತ್ರ ಎಷ್ಟು ಹಿಗ್ಗುತ್ತದೆ ಎಂಬುದನ್ನು ಸೇರಿಸಿಯೇ ಅಳತೆ ಕೊಡಬೇಕು. ಕಿರಿದಾದ ಕೊಳವೆ ಮೋರಿ ಹೂಳಿನಿಂದ ಮುಚ್ಚಿಹೋದರೆ ನೀರು ತನಗೆ ತೋಚಿದ ಬೀದಿಯನ್ನು ಹಿಡಿಯುತ್ತದೆ. ವಾಹನ ಸಂಚಾರ ವಿರಳವಾಗಿರುವ ಕಡೆ ರಸ್ತೆಯನ್ನೇ ಹಳ್ಳದ ಮಟ್ಟಕ್ಕೆ ಇಳಿಸಿ, ಪ್ರವಾಹ ಬಂದಾಗ ಅದನ್ನು ಮುಚ್ಚುವುದು ಎಷ್ಟೋ ಸಲ ಹೆಚ್ಚು ಸುರಕ್ಷಿತ. ಆದರೆ ಮುಚ್ಚುವ ನಿರ್ಧಾರವನ್ನು ರಸ್ತೆಯ ಮೇಲಿನ ಆಕಾಶ ನೋಡಿ ಕೈಗೊಳ್ಳಬಾರದು. ಬೆಟ್ಟದ ಮೇಲಿನ ಮಳೆಮಾಪಕ ನೋಡಿ ಕೈಗೊಳ್ಳಬೇಕು, ಏಕೆಂದರೆ ಕೆಳಗೆ ಒಂದು ಹನಿಯೂ ಬೀಳದಿರುವಾಗಲೇ ಹಳ್ಳ ತುಂಬಿ ಬರಬಹುದು.

ಈಗ ನಾನು ಪರಿಶೀಲಿಸುವ ನಕ್ಷೆಗಳಲ್ಲಿ ಹೂಳೆತ್ತುವ ಯಂತ್ರ ಕಾಲುವೆಗೆ ಇಳಿಯಲು ದಾರಿಯಿದೆಯೇ, ಎತ್ತಿದ ಮಣ್ಣು ಸುರಿಯಲು ಜಾಗ ಗುರುತಿಸಲಾಗಿದೆಯೇ, ಆ ಕೆಲಸಕ್ಕೆ ಪ್ರತಿವರ್ಷ ಹಣ ಮೀಸಲಿಡಲಾಗಿದೆಯೇ ಎಂದು ಕೇಳುತ್ತೇನೆ. ಮೂರಕ್ಕೂ ಉತ್ತರ ಸಿಗುವವರೆಗೆ ಸಹಿ ಹಾಕುವುದಿಲ್ಲ.